ಚಿಲ್ಲರೆ ಸುರುಳಿಯ ಸುಲೋಚನತ್ತೆ

ಸುಲೋಚನಮ್ಮ ನನ್ನ ಸೋದರಮಾವ ಕರಿಬಸಪ್ಪನವರ ಹೆಂಡತಿ. ಕೊಡ್ಲಿಪೇಟೆಯ ಸಂತೆ ಬೀದಿಯಲ್ಲಿ ಮಾವನದೊಂದು ದಿನಸಿ ಅಂಗಡಿ ಇತ್ತು. ಅಂಗಡಿಯ ಬೆನ್ನಿಗೇ ಮನೆ. ನಾನು ಹೇಳುತ್ತಿರುವುದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಆಗ ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿತ್ತು, ಮೈಸೂರಿಗೆ ಸೇರಿರಲಿಲ್ಲ. ರೂಪಾಯಿಗೆ ಹದಿನಾರಾಣೆಯ ಲೆಕ್ಕ. ಅತ್ತೆ-ಮಾವನಿಗೆ ಮಕ್ಕಳಾಗಿರಲಿಲ್ಲ. ಅವರಿಬ್ಬರನ್ನು ಬಿಟ್ಟರೆ ಮನೆಯಲ್ಲಿದ್ದವಳು ಮಾವನ ತಂಗಿ ಸರ್ವಮಂಗಳ. ಅವಳೇ ನನ್ನ ತಾಯಿ.

ಇದನ್ನೆಲ್ಲ ನನಗೆ ಹೇಳಿದವರು ಅತ್ತೆಯೇ. ಹೇಳುವಾಗ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಆಚೆ ಊರಿನ ಯಾರದೋ ಸಂಗತಿ ಹೇಳುವ ಹಾಗೆ ಹೇಳುತ್ತಿದ್ದರು.

ಊರಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಬೋಜಪ್ಪ ಎನ್ನುವವರು ರೈಟರಾಗಿದ್ದರು. ಆಳುಗಳ ಹಾಜರಿ, ಕೂಲಿ ಎರಡೂ ಅವರ ಜವಾಬ್ದಾರಿ. ಶನಿವಾರ ಕಾಫಿ ಒಣಗಿಸುವ ಕಣದಲ್ಲಿ ಮೇಜು ಹಾಕಿಕೊಂಡು ಬಟವಾಡೆ ಮಾಡುತ್ತಿದ್ದರು. ತೊಂದರೆ ಏನೆಂದರೆ ಖಜಾನೆಯಿಂದ ಬರುತ್ತಿದ್ದದ್ದು ಹೆಚ್ಚಾಗಿ ನೋಟು, ಆಳುಗಳಿಗೆ ಕೊಡಬೇಕಾದದ್ದು ಆಣೆ, ನಾಲ್ಕಾಣೆಯ ಪಾವಲಿ. ಬೋಜಪ್ಪನವರು ನೋಟು ತಂದು ಮಾವನ ಅಂಗಡಿಗೆ ಕೊಡುತ್ತಿದ್ದರು. ಮಾವ ಬೀದಿಯ ಅಂಗಡಿಗಳಿಂದೆಲ್ಲ ಚಿಲ್ಲರೆ ಕೂಡಿಸಿ ಗೋಣಿಚೀಲದಲ್ಲಿ ಕಟ್ಟಿ ಕೊಡುತ್ತಿದ್ದರು. ಅದಕ್ಕೆ ಅವರಿಗೆ ಅಷ್ಟಿಷ್ಟು ವಟ್ಟ ಸಿಗುತ್ತಿತ್ತು. ಆದರೆ ಬಿಡಿ ಚಿಲ್ಲರೆಯನ್ನು ಕಣದಲ್ಲಿ ಕೂತು ಎಣಿಸುವುದೆಂದರೆ ಕತ್ತಲಾಗಿ ಹೋಗುತ್ತಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸರು ಸಾಲಿನಲ್ಲಿ ನಿಂತು ನಿಂತು ಅಲ್ಲೇ ಕುಕ್ಕರಿಸಿಬಿಡುತ್ತಿದ್ದರು.

“ಬ್ಯಾಂಕಲ್ಲಿ ಕಾಗದದಲ್ಲಿ ಸುತ್ತಿ ಕೊಡ್ತಾರಂತೆ ಕರಿಬಸಪ್ನೋರೇ,” ಎಂದರು ಬೋಜಪ್ಪನವರು ಒಂದು ದಿನ. “ಮೇಜಿನ ಅಂಚಿಗೆ ಒಂದ್ಸಲ ಕುಟ್ಟಿದ್ರೆ ಆಯ್ತು, ಬಿಚ್ಕೊಳ್ತದೆ. ಎಣಿಸೋ ಕೆಲಸಾನೇ ಇಲ್ಲ. ನಿಮ್ಮನೇಲಿ ಯಾರಾದ್ರೂ ಮಾಡಿಕೊಡಾಕಾಗಲ್ವಾ?”

ಮಾವ ಒಳಗೆ ಬಂದು ಅತ್ತೆಯನ್ನು ಕೇಳಿದರು. ಅತ್ತೆ ಆಗಲಿ ಎಂದರು. ಅಷ್ಟೇ ಮಾತು.

ಮೊದಲು ಕಟ್ಟಿದ ಸುರುಳಿಗಳು ಹಾಳಾಗಿ ಹೋದವು. ಹಳೇ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಎರಡೂ ತುದಿಯ ಕಾಗದವನ್ನು ಬೆರಳಲ್ಲಿ ಒಳಕ್ಕೆ ತುರುಕಿ, ಅನ್ನದ ಗಂಜಿ ಸವರಿದ್ದರು. ಎತ್ತಿನ ಗಾಡಿಯ ಕುಲುಕಾಟಕ್ಕೆ ಅರ್ಧ ದಾರಿಯಲ್ಲೇ ಕಾಗದ ಸೀಳಿತು. ಉಳಿದವನ್ನು ರಾತ್ರಿ ಜಿರಲೆ ತಿಂದಿತ್ತು. ಕಣದ ಕೆಸರಿನಲ್ಲಿ ಬಿದ್ದ ಆಣೆಗಳನ್ನು ಹೆಕ್ಕಿ ತೊಳೆಯುವ ಹೊತ್ತಿಗೆ ಬೋಜಪ್ಪನವರಿಗೆ ಸಾಕುಸಾಕಾಯಿತಂತೆ. ಸೋಮವಾರ ಬಂದು ಬೈಯಲಿಲ್ಲ, ಆದರೆ ಖಾಲಿ ಚೀಲವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು.

ಅತ್ತೆ ಹಟಮಾರಿಯಲ್ಲ. ಆದರೆ ಕೈಗೆ ಬಂದ ಕೆಲಸ ಅರ್ಧಕ್ಕೆ ನಿಂತರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಪತ್ರಿಕೆಯ ಹಾಳೆ ಬಿಟ್ಟು, ಬಟ್ಟೆ ಅಂಗಡಿಗೆ ಬರುವ ಗಂಟಿನ ಮೇಲಿನ ದಪ್ಪ ಕಂದು ಕಾಗದ ತರಿಸಿದರು. ಗಂಜಿಯ ಬದಲು ಮೈದಾ ಅಂಟು ಕುದಿಸಿದರು. ಜಿರಲೆ ಮುಟ್ಟದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದರು. ಕಾಫಿ ಗಿಡಕ್ಕೆ ಹೊಡೆಯಲು ಎಸ್ಟೇಟಿನಲ್ಲಿ ಮೂಟೆಗಟ್ಟಲೆ ಇರುತ್ತಿದ್ದ ಆ ನೀಲಿ ಹರಳನ್ನು ಬೋಜಪ್ಪನವರೇ ಪೊಟ್ಟಣ ಕಟ್ಟಿ ಕಳಿಸಿದ್ದರು. ಕಾಗದವನ್ನು ನಾಣ್ಯದ ಸಾಲಿಗಿಂತ ಎರಡೂ ಕಡೆ ಬೆರಳಗಲ ಹೆಚ್ಚು ಬಿಟ್ಟು ಕತ್ತರಿಸಬೇಕು. ಹೆಚ್ಚು ಬಿಟ್ಟರೆ ಸುರುಳಿಯ ಬಾಯಲ್ಲಿ ಮುದ್ದೆಯಾಗುತ್ತದೆ, ಕಡಿಮೆ ಬಿಟ್ಟರೆ ಹಿಡಿತ ಸಿಗುವುದಿಲ್ಲ. ಸುತ್ತುವಾಗ ಬಿಗಿ ಮೊದಲ ಸುತ್ತಿನಲ್ಲೇ ಬರಬೇಕು. ಆಮೇಲೆ ಎಳೆದರೆ ಕಾಗದ ಓರೆಯಾಗುತ್ತದೆ.

ಕಷ್ಟವಿದ್ದದ್ದು ಬಾಯಿ ಕಟ್ಟುವುದರಲ್ಲಿ. ಮೊದಮೊದಲು ಅತ್ತೆ ಕರಿಗಡುಬಿನ ಅಂಚು ಒತ್ತುವ ಹಾಗೆ ಸಣ್ಣಸಣ್ಣ ನೆರಿಗೆ ಹಿಡಿದು ಒತ್ತಿದರು. ನೋಡಲು ಚೆಂದವಿತ್ತು, ನಿಲ್ಲಲಿಲ್ಲ. ಆಮೇಲೆ ಬಡಗಿ ಜಯಪ್ಪನನ್ನು ಕರೆಸಿ, ಕಾಫಿ ಮರದ ಗಟ್ಟಿ ಕೊಂಬೆಯಿಂದ ಹಿಡಿಯಷ್ಟು ಉದ್ದದ ತುಂಡುಗಳನ್ನು ಕಡೆಸಿ, ತುದಿಯಲ್ಲಿ ಬಟ್ಟಲಿನಂಥ ಗುಳಿಯಿರುವ ಒತ್ತುಗಳನ್ನು ಮಾಡಿಸಿದರು. ಸುರುಳಿಯ ತುದಿಗೆ ಆ ಗುಳಿಯನ್ನು ಇಟ್ಟು ಒತ್ತಿ ತಿರುಗಿಸಿದರೆ ಕಾಗದದ ಅಂಚು ತಾನಾಗಿ ಒಳಕ್ಕೆ ಸುತ್ತಿಕೊಳ್ಳುತ್ತಿತ್ತು. ಆದರೂ ಅಂಟು ಆರುವ ಮೊದಲೇ ಕಾಗದ ಮತ್ತೆ ತಲೆ ಎತ್ತುತ್ತಿತ್ತು. ಅದಕ್ಕೆ ದಾರಿ ಹುಡುಕಿಕೊಟ್ಟವನೂ ಜಯಪ್ಪನೇ. ಹಂದಿ ಬೇಟೆಯವರು ಹೊಡೆದು ಬಿಸಾಡಿದ್ದ ತೋಟಾದ ಹಿತ್ತಾಳೆ ಬುಡವೊಂದನ್ನು ತಂದು ಗುಳಿಯೊಳಗೆ ಕೂರಿಸಿದ. ಪಾವಲಿಯ ಸುರುಳಿಗೆ ಅದು ಅಳತೆ ಕೊಟ್ಟು ಮಾಡಿಸಿದಂತಿತ್ತು. ಹಿತ್ತಾಳೆಯನ್ನು ಕೆಂಡದ ಮೇಲೆ ಒಂದು ಗಳಿಗೆ ಇಟ್ಟು ಒತ್ತಿದರೆ ಅಂಟು ಚುರ್ರೆಂದು ಆರಿ, ಅಂಚು ಬಳೆಯಂತೆ ದುಂಡಗೆ ನಿಲ್ಲುತ್ತಿತ್ತು. ಎಂಟಾಣೆಗೆ, ರೂಪಾಯಿಗೆ ಮುರಿದ ಹಿತ್ತಾಳೆ ದೀಪದ ಕಂಬದ ತುಂಡುಗಳನ್ನು ಹಾಗೆಯೇ ಕೂರಿಸಿಕೊಟ್ಟ.

ಒಂದಾಣೆಯ ಅಂಚು ಅಲೆಅಲೆಯಾಗಿ ಇದ್ದುದರಿಂದ ಒಂದರ ಮೇಲೊಂದು ಅಲೆ ಕೂರುವಂತೆ ಜೋಡಿಸಿಯೇ ಸುತ್ತಬೇಕು. ಎರಡಾಣೆ ಚೌಕ, ಅದಕ್ಕೆ ಹಿತ್ತಾಳೆ ನಡೆಯುವುದಿಲ್ಲ, ಸೋಪಿನ ಕಾಗದದ ಹಾಗೆ ನಾಲ್ಕು ಮಗ್ಗುಲಿನಿಂದ ಮಡಿಸಬೇಕು. ತೂತಿನ ಕಾಸಿಗೆ ಕಾಗದವೇ ಬೇಡ, ದಾರಕ್ಕೆ ಪೋಣಿಸಿ ಗಂಟು ಹಾಕಿದರೆ ಮುಗಿಯಿತು.

ಆಮೇಲೆ ಎಸ್ಟೇಟಿನಲ್ಲಿ ಬಟವಾಡೆ ಹೊತ್ತಿರುವಾಗಲೇ ಮುಗಿಯತೊಡಗಿತು. ಅತ್ತೆ ಕಟ್ಟಿದ ಸುರುಳಿಯನ್ನು ಯಾರಾದರೂ ಬಿಚ್ಚಿ ಮುಚ್ಚಿದ್ದರೆ ಬೋಜಪ್ಪನವರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಹಾಗೆ ಬಿಚ್ಚಿ ಮುಚ್ಚಲು ಯಾರಿಗೂ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅತ್ತೆಯ ಎಡ ಮೊಣಕೈಯ ಹತ್ತಿರ ಒಂದು ಬಿಳಚಿದ ಮಚ್ಚೆ ಆ ಹೊತ್ತಿಗಾಗಲೇ ಇತ್ತು. ತುರಿಕೆಯಿಲ್ಲ, ನೋವಿಲ್ಲ. ಬಿಸಿಲಿಗೆ ಬಂದಿರಬೇಕು ಅಂದುಕೊಂಡರು. ಒಂದೆರಡು ಸಲ ಎಡಗೈಯಿಂದ ತಂಬಿಗೆ ಜಾರಿ ಬಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ಪಾವಲಿ ಕಟ್ಟುತ್ತಾ ಕೂತಿದ್ದರು. ಸುರುಳಿಯನ್ನು ಎಡಗೈಯ ಕೊನೆಯ ಎರಡು ಬೆರಳುಗಳಲ್ಲಿ ಅವುಚಿ ಹಿಡಿದು ಬಲಗೈಯಲ್ಲಿ ಬಿಸಿ ಹಿತ್ತಾಳೆಯನ್ನು ಒತ್ತುವುದು ಅವರ ರೂಢಿ. ಸುಟ್ಟ ವಾಸನೆ ಬಂತು. ಕಾಗದ ಹೊತ್ತಿತೇನೋ ಎಂದು ಸುರುಳಿಯನ್ನು ತಿರುಗಿಸಿ ನೋಡಿದರು. ಕಾಗದ ಚೆನ್ನಾಗಿಯೇ ಇತ್ತು. ಒಲೆಯ ಕಡೆ ನೋಡಿದರು, ಅಲ್ಲಿಯೂ ಏನಿಲ್ಲ. ಆಮೇಲೆ ಕೈ ನೋಡಿಕೊಂಡರೆ ಕಿರುಬೆರಳಿನ ಮಗ್ಗುಲು ಬಿಳಿಯಾಗಿ ಬೆಂದು, ಚರ್ಮ ಹಿತ್ತಾಳೆಗೆ ಅಂಟಿಕೊಂಡಿತ್ತು.

“ನೋವಾಗಲಿಲ್ವಾ ಅತ್ತೆ?” ಎಂದು, ಅವರು ಇದನ್ನು ಹೇಳಿದ ದಿನ, ನಾನು ಕೇಳಿದ್ದೆ.

“ಇಲ್ಲ. ಅದೇ ಅಲ್ವಾ ವಿಷಯ,” ಎಂದಿದ್ದರು.

ಸುಟ್ಟ ಆ ಮಧ್ಯಾಹ್ನ ಅವರು ಎದ್ದು ಹೋಗಿ ಸೂಜಿ ತಂದರು. ಕಿರುಬೆರಳಿಗೆ ಚುಚ್ಚಿಕೊಂಡರು. ಪಕ್ಕದ ಬೆರಳಿಗೆ ಚುಚ್ಚಿಕೊಂಡರು. ರಕ್ತದ ಬೊಟ್ಟು ಬಂತು, ಚುಚ್ಚಿದ್ದು ತಿಳಿಯಲಿಲ್ಲ. ಮೊಣಕೈಯ ಮಚ್ಚೆಗೆ ಚುಚ್ಚಿದರು. ಅಲ್ಲೂ ಹಾಗೆಯೇ. ಸಂತೆಯ ದಿನ ಸೇತುವೆಯ ಹತ್ತಿರ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದ ಒಬ್ಬ ಮನುಷ್ಯನನ್ನು ಅವರು ಹುಡುಗಿಯಾಗಿದ್ದಾಗಿನಿಂದ ನೋಡಿದ್ದರು. ಅವನದು ಕುಷ್ಠ ಎಂದು ಜನ ಹೆಸರು ಹೇಳುತ್ತಿರಲಿಲ್ಲ. ದೊಡ್ಡ ರೋಗ ಎಂದಷ್ಟೇ ಅನ್ನುತ್ತಿದ್ದರು. ಅತ್ತೆಗೆ ಗೊತ್ತಾಯಿತು.

ಅಳು ಬರಲಿಲ್ಲವಂತೆ. ಸೂಜಿಯನ್ನು ಒರೆಸಿ ಡಬ್ಬಿಯಲ್ಲಿಟ್ಟು, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ, ಉಳಿದ ಸುರುಳಿಗಳನ್ನು ಕಟ್ಟಿ ಮುಗಿಸಿದರು. ಶನಿವಾರ ಹತ್ತಿರವಿತ್ತು.

ಅದೇ ವಾರ ಶಿರಂಗಾಲದಿಂದ ನನ್ನ ತಾಯಿಯನ್ನು ನೋಡಲು ಬಂದಿದ್ದರು. ಹುಡುಗನ ಹೆಸರು ಪರಮೇಶಪ್ಪ. ಗದ್ದೆ ಇದ್ದ, ಹೇಳಿಕೊಳ್ಳುವಂಥ ಮನೆ. ಹುಡುಗಿಯನ್ನು ಒಪ್ಪಿ ಹೋದರು. ಮಾವನಿಗೆ ತಂಗಿಯ ಮದುವೆಯದೇ ಚಿಂತೆಯಾಗಿತ್ತು, ಅವರು ಅವತ್ತು ಅಂಗಡಿಗೆ ಬಂದವರಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಅತ್ತೆ ಒಳಗೆ ನಿಂತು ಅದನ್ನು ನೋಡಿದರು. ಈ ಮನೆಯಲ್ಲಿ ದೊಡ್ಡ ರೋಗವಿದೆ ಎಂದು ತಿಳಿದರೆ ಆ ಸಂಬಂಧ ಅಲ್ಲಿಗೇ ಮುರಿಯುತ್ತದೆ. ಆಮೇಲೆ ಬೇರೆ ಯಾರೂ ಬರುವುದಿಲ್ಲ. ಅಷ್ಟು ಗೊತ್ತಿತ್ತು. ಬಾಯಿ ಮುಚ್ಚಿಕೊಂಡರು.

ಸುಟ್ಟ ಗಾಯ ಒಳ್ಳೆಯ ನೆಪವಾಯಿತು. ಬಟ್ಟೆ ಕಟ್ಟಿದ ಕೈಯನ್ನು ನೋಡಿ ಯಾರಾದರೂ ಕೇಳಿದರೆ “ಎಣ್ಣೆ ಬಿತ್ತು” ಎನ್ನುತ್ತಿದ್ದರು. ಗಾಯ ಬೇಗ ಮಾಯಲೂ ಇಲ್ಲ. ಮದುವೆಯ ದಿನ ಗಂಡಿನ ತಾಯಿ ಹತ್ತಿರ ಬಂದು, “ಅಯ್ಯೋ, ಇಷ್ಟು ದಿನ ಆದ್ರೂ ವಾಸಿಯಾಗ್ಲಿಲ್ವಾ ತಾಯಿ? ಆರತಿ ಎತ್ತೋರು ಯಾರು ಹಾಗಾದ್ರೆ?” ಎಂದು ಕೇಳಿದರು.

“ಮಂಗಳನ ದೊಡ್ಡಮ್ಮ ಶನಿವಾರಸಂತೆಯಿಂದ ಬಂದಿದ್ದಾರೆ, ಅವರು ಎತ್ತುತ್ತಾರೆ. ನಾನು ಅಡಿಗೆ ಕಡೆ ನೋಡ್ಕೋತೀನಿ,” ಎಂದರು ಅತ್ತೆ.

ಅಡಿಗೆಯ ಕಡೆಯೂ ಅವರು ಏನನ್ನೂ ಮುಟ್ಟಲಿಲ್ಲ. ನಿಂತು ಹೇಳುತ್ತಿದ್ದರು, ಬೇರೆಯವರು ಬಡಿಸುತ್ತಿದ್ದರು. ಅಕ್ಷತೆ ಹಾಕುವಾಗ ಮಾತ್ರ ಬಲಗೈಯಲ್ಲಿ ನಾಲ್ಕು ಕಾಳು ತೆಗೆದುಕೊಂಡು ದೂರದಿಂದ ಹಾಕಿದರು. ತೌರು ಬಿಟ್ಟು ಹೊರಡುವಾಗ ಅಮ್ಮ ಅತ್ತಿಗೆಯ ಕೊರಳಿಗೆ ಬಿದ್ದು ಅತ್ತಳಂತೆ. ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅತ್ತಿಗೆಗೆ ತನ್ನ ಮೇಲೆ ಅಷ್ಟೇನೂ ಪ್ರೀತಿಯಿಲ್ಲ ಅಂತ ಅಮ್ಮ ಅವತ್ತು ಅಂದುಕೊಂಡಳು.

ಮದುವೆಗೆ ಬಂದ ನೆಂಟರೆಲ್ಲ ಹೋದ ಮೇಲೆ, ಒಂದು ಬೆಳಿಗ್ಗೆ, ಮಾವ ಲಿಂಗಪೂಜೆ ಮುಗಿಸಿ ಅಂಗಡಿ ತೆಗೆಯಲು ಹೊರಟಾಗ ಅತ್ತೆ ಬಾಗಿಲ ಹತ್ತಿರ ನಿಂತು ಹೇಳಿದರು.

“ನನ್ನ ಕೈಗೆ ಬಂದಿರೋದು ದೊಡ್ಡ ರೋಗ ಅಂತ ಕಾಣ್ತದೆ.”

ಮಾವ ತಿರುಗಿ ನೋಡಿದರು. “ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ. ಸುಟ್ಟರೆ ತಿಳಿಯಲ್ಲ. ಚುಚ್ಚಿದರೂ ತಿಳಿಯಲ್ಲ.”

“ಯಾವಾಗಿಂದ?”

“ಮಂಗಳನ್ನ ನೋಡಾಕೆ ಬಂದಿದ್ರಲ್ಲ, ಆವಾಗಿಂದ ಗೊತ್ತು.”

“ಮಂಗಳಂಗೆ ಹೇಳಿದ್ದೀಯಾ?”

“ಇಲ್ಲ.”

ಮಾವ ಅಂಗಡಿಗೆ ಹೋದರು. ಹಲಗೆಗಳನ್ನು ಒಂದೊಂದಾಗಿ ತೆಗೆದಿಡುವ ಸದ್ದು ಒಳಗೆ ಕೇಳಿಸಿತು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಬಂದು, ಚಿಲ್ಲರೆಯ ಚೀಲ, ಕಂದು ಕಾಗದದ ಕಟ್ಟು ಎರಡನ್ನೂ ಎತ್ತಿಕೊಂಡರು. ಅತ್ತೆ ಹಿತ್ತಾಳೆಯ ಒತ್ತುಗಳನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಿದ್ದರು. ಅವನ್ನೂ ತೋರಿಸಿದರು. ಮಾವ ಪಂಚೆಯ ತುದಿಯಲ್ಲಿ ಹಿಡಿದು ತೆಗೆದುಕೊಂಡು ಹೋದರು.

ಅಲ್ಲಿಂದ ಮುಂದೆ ಮಾವ ಅಂಗಡಿಯಲ್ಲೇ ಮಲಗತೊಡಗಿದರು. ಊಟ ಹೋಟೆಲಿನಲ್ಲಿ. ಬೈದದ್ದಿಲ್ಲ, ಮನೆ ಬಿಟ್ಟು ಹೋಗು ಅಂದದ್ದಿಲ್ಲ. ಅಕ್ಕಿ, ಬೇಳೆ, ಎಣ್ಣೆ ಹೊತ್ತಿಗೆ ಸರಿಯಾಗಿ ನಡುಬಾಗಿಲಿನ ಬಳಿ ಬಂದು ಕೂತಿರುತ್ತಿತ್ತು. ಅತ್ತೆ ಒಬ್ಬರೇ ಬೇಯಿಸಿಕೊಂಡು ಒಬ್ಬರೇ ತಿನ್ನುತ್ತಿದ್ದರು. ಸುರುಳಿ ಕಟ್ಟುತ್ತಿದ್ದ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚುತ್ತಿರಲಿಲ್ಲವಂತೆ. ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬೀದಿಯ ಹೆಂಗಸರಿಗೆ ಗಂಡ ಹೆಂಡಿರ ಜಗಳ ಎಂದಷ್ಟೇ ಕಂಡಿತು.

ಮಡಿಕೇರಿಗೆ ಹೋಗಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದು, ಒಳ್ಳೆಯ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೊರಟರು. ಅಂಗಡಿಯ ಮುಂದೆ ನಿಂತು, “ಆಸ್ಪತ್ರೆಗೆ ಹೋಗಿ ಬರ್ತೀನಿ,” ಎಂದರು. ಮಾವ ಗಲ್ಲಾಪೆಟ್ಟಿಗೆಯಿಂದ ದುಡ್ಡು ತೆಗೆದು ಹಲಗೆಯ ಮೇಲಿಟ್ಟರು. ಅವರು ತೆಗೆದುಕೊಂಡರು. ಸೋಮವಾರಪೇಟೆಯಲ್ಲಿ ಬಸ್ಸು ಬದಲಾಯಿಸಬೇಕು. ಮಡಿಕೇರಿ ಮುಟ್ಟುವ ಹೊತ್ತಿಗೆ ಎದುರಿನ ಮನುಷ್ಯ ಕಾಣದಷ್ಟು ಮಂಜು. ಆಸ್ಪತ್ರೆಯ ದಾರಿ ಕೇಳಿ ಕೇಳಿ ಏರು ಹತ್ತಿದರು.

ಅಲ್ಲಿನ ಡಾಕ್ಟರು ಎಳೆಯರು. ಮೊಣಕೈಯನ್ನು ಒತ್ತಿ ನೋಡಿ, ಒಳಗೆ ದಾರದಂತೆ ದಪ್ಪಗಾಗಿದ್ದ ನರವನ್ನು ಹಿಡಿದು, “ಇಲ್ಲಿ ನೋವಿದೆಯಾ?” ಎಂದರು. ಆಮೇಲೆ ಕಣ್ಣು ಮುಚ್ಚಿಕೊಳ್ಳಿ, ಹತ್ತಿಯಲ್ಲಿ ಮುಟ್ಟುತ್ತೇನೆ, ಮುಟ್ಟಿದ ಜಾಗವನ್ನು ಬಲಗೈಯಲ್ಲಿ ತೋರಿಸಿ ಎಂದರು. ಅತ್ತೆ ಕಣ್ಣು ಮುಚ್ಚಿ ಕಾದರು. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ.

“ಶುರು ಮಾಡಿ ಡಾಕ್ಟ್ರೇ,” ಎಂದರು.

“ಮುಗೀತಮ್ಮ. ಕಣ್ಣು ಬಿಡಿ.”

ಅತ್ತೆ ಕಣ್ಣು ಬಿಟ್ಟಾಗ ಡಾಕ್ಟರು ಬರೆಯುತ್ತಾ ಕೂತಿದ್ದರು. ಈಗ ಇದಕ್ಕೆ ಮಾತ್ರೆ ಬಂದಿದೆ, ವರ್ಷಗಟ್ಟಲೆ ನುಂಗಬೇಕು, ಒಂದು ದಿನವೂ ಬಿಡಬಾರದು ಎಂದರು. ಊರು ಬಿಡಬೇಕಾಗಿಲ್ಲ, ಮನೆಯಲ್ಲೇ ಇರಬಹುದು, ನಿಮ್ಮ ಥರದ್ದು ಹತ್ತಿರ ಕೂತವರಿಗೆಲ್ಲ ಹತ್ತುವಂಥದ್ದಲ್ಲ ಎಂದರು.

“ಹೋಗಿರೋದು ಬರ್ತದಾ?”

“ಬೆರಳಿನದ್ದಾ? ಹೋಗಿರೋದು ಬರೋದು ಕಷ್ಟ. ಇರೋದು ಉಳೀತದೆ. ಬಿಸಿ ಮುಟ್ಟೋವಾಗ ಕಣ್ಣಲ್ಲಿ ನೋಡಿ ಮುಟ್ಟಿ. ಆ ಕೈಯನ್ನ ನಂಬಬೇಡಿ.” ಬರೆದ ಚೀಟಿ ಕೊಡುತ್ತಾ ಕೇಳಿದರು, “ಜೊತೆಗೆ ಯಾರು ಬಂದಿದ್ದಾರೆ?”

“ಯಾರಿಲ್ಲ.”

ಮಾತ್ರೆಯ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ವಾಪಸು ಬಂದರು. ಅಂಗಡಿಯ ಮುಂದೆ ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಹಾಗೆಯೇ ಹೇಳಿದರು. ಮಾವ ತಲೆಯಾಡಿಸಿದರು. ಅವತ್ತೂ ಊಟಕ್ಕೆ ಬರಲಿಲ್ಲ.

ಅಷ್ಟರಲ್ಲಿ ಸುರುಳಿಯ ಕೆಲಸ ಕಾಳಮ್ಮನ ಕೈಗೆ ಹೋಗಿತ್ತು. ಕಾಳಮ್ಮ ಮಾವನ ಅಂಗಡಿಗೆ ಅಕ್ಕಿ ಕೇರಿ ಕೊಡುತ್ತಿದ್ದ ನಡುವಯಸ್ಸಿನ ಹೆಂಗಸು. ಮೊದಲು ಎಸ್ಟೇಟಿನ ಆಳುಗಳ ಲೈನು ಮನೆಗಳಲ್ಲಿದ್ದವಳು, ಗಂಡ ಸತ್ತ ಮೇಲೆ ಪೇಟೆಗೆ ಬಂದಿದ್ದಳು. ಎಣಿಕೆಯಲ್ಲಿ ಗಟ್ಟಿಗಿತ್ತಿಯಾದರೂ ಅವಳು ಕಟ್ಟಿದ ಬಾಯಿ ನಿಲ್ಲುತ್ತಿರಲಿಲ್ಲ. ಹಿತ್ತಾಳೆ ಹೆಚ್ಚು ಕಾದರೆ ಕಾಗದ ಕರಕಲಾಗುತ್ತಿತ್ತು, ಕಾಯದಿದ್ದರೆ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಕಣದಲ್ಲಿ ಚಿಲ್ಲರೆ ಉರುಳಿತು. ಬೋಜಪ್ಪನವರು ಅಂಗಡಿಗೆ ಬಂದರು.

“ಇದೇನು ಕರಿಬಸಪ್ನೋರೇ, ಅಮ್ಮಾವ್ರು ಯಾಕೆ ಬಿಟ್ಟುಬಿಟ್ರು?”

“ಅವಳಿಗೆ ಮೈಗೆ ಹುಷಾರಿಲ್ಲ ರೈಟ್ರೇ.”

“ಏನಾಗಿದೆ?”

ನಡುಬಾಗಿಲಿನ ಹಿಂದೆ ನಿಂತಿದ್ದ ಅತ್ತೆ ಹೊರಗೆ ಬಂದರು. ಬಟ್ಟೆ ಬಿಚ್ಚಿದ ಕೈಯನ್ನು ಮುಂದೆ ಚಾಚಿ ತೋರಿಸಿದರು. ಕಿರುಬೆರಳು ಆಗಲೇ ಸ್ವಲ್ಪ ಒಳಕ್ಕೆ ಬಾಗಿತ್ತು.

“ದೊಡ್ಡ ರೋಗ ರೈಟ್ರೇ. ಮಡಿಕೇರೀಲಿ ಮಾತ್ರೆ ಕೊಟ್ಟಿದ್ದಾರೆ. ನಾನು ಕಟ್ಟಿದ ಸುರುಳೀನ ನಿಮ್ಮ ಜನ ಇಷ್ಟು ದಿನ ಮುಟ್ಟಿದ್ದಾರೆ. ಅದನ್ನ ನಿಮಗೆ ಹೇಳಬೇಕಿತ್ತು.”

ಬೋಜಪ್ಪನವರು ಎದ್ದು ನಿಂತರು. ಒಂದು ಹೆಜ್ಜೆ ಹಿಂದಕ್ಕೂ ಹೋದರು. ಅತ್ತೆ ಅದನ್ನು ನೋಡಿದರು. ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡು ಬೋಜಪ್ಪನವರು ಹೇಳಿದರು, “ನೋಡಿಯಮ್ಮ, ನಂಗೆ ಇದರಲ್ಲಿ ಏನೂ ಗೊತ್ತಾಗಲ್ಲ. ಲೈನಲ್ಲಿ ತಿಳಿದ್ರೆ ಜನ ಕೂಲೀನೇ ಮುಟ್ಟಲ್ಲ. ನಾನಂತೂ ಬಾಯಿ ಬಿಡಲ್ಲ. ಆದ್ರೆ ಇನ್ನು ನೀವು ಕಟ್ಟೋದು ಬೇಡ.”

“ಬೇಡ,” ಎಂದರು ಅತ್ತೆ. “ಕಾಳಮ್ಮಂಗೆ ಹೇಳಿಕೊಡ್ತೀನಿ. ನಾನು ಮುಟ್ಟಲ್ಲ.”

ಮರುದಿನ ಹಿತ್ತಿಲ ಜಗಲಿಗೆ ಕಾಳಮ್ಮ ಬಂದಳು. ಅತ್ತೆ ಅಂಗಳದ ಆಚೆ ತುದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಲ್ಲಿಂದಲೇ ಹೇಳತೊಡಗಿದರು. ಹಿತ್ತಾಳೆಯ ಮೇಲೆ ಒಂದು ಹನಿ ನೀರು ಬಿಡು; ಸುಮ್ಮನೆ ಆರಿದರೆ ಸಾಲದು, ಎಗರಿ ಹಾರಿದರೆ ಜಾಸ್ತಿ, ಗುಳಗುಳ ಅಂತ ಕುದ್ದು ಹೋದರೆ ಸರಿ. ಮೊದಲು ಮರದ ಒತ್ತಿನಲ್ಲಿ ತಿರುಗಿಸಿ ಅಂಚು ಬಗ್ಗಿಸು, ಆಮೇಲೆ ಹಿತ್ತಾಳೆ. ತಿರುಗಿಸೋದು ಒಂದೇ ದಿಕ್ಕಿಗೆ.

ಕಾಳಮ್ಮ ಸ್ವಲ್ಪ ಹೊತ್ತು ಮಾಡಿ, ಎಲ್ಲ ಕೆಳಗಿಟ್ಟಳು.

“ಅಷ್ಟು ದೂರದಿಂದ ಕೂಗಿದ್ರೆ ನಂಗೇನು ಕಾಣ್ತದೆ, ಏನು ಕೇಳ್ತದೆ? ಇಲ್ಲಿ ಬಂದು ಕೂತ್ಕೊಳ್ಳಿ ಅವ್ವಾ.”

“ಬೇಡ ಕಾಳಮ್ಮ. ನಿಂಗೆ ಗೊತ್ತಿಲ್ಲ.”

“ಗೊತ್ತು. ಸಾವ್ಕಾರ್ರು ಹೇಳ್ಲಿಲ್ಲ, ನಾನೇ ನಿಮ್ಮ ಬೆರಳು ನೋಡಿದೆ. ನಮ್ಮವ್ವಂಗೆ ಇದೇ ಇತ್ತು. ಅವಳು ಕಲಸಿದ ಮುದ್ದೆ ತಿಂದು ನಾವು ಐದು ಜನ ಬೆಳೆದ್ವಿ. ನಂಗೇನಾಗಿದೆ ನೋಡಿ.” ಅವಳು ಎರಡೂ ಕೈ ಚಾಚಿದಳು. ಅಕ್ಕಿ ಕೇರಿ ಕೇರಿ ಒರಟಾದ, ನೆಟ್ಟಗಿದ್ದ ಬೆರಳುಗಳು. “ಅವಳಿಗೆ ಆವಾಗ ಮಾತ್ರೆ ಇರಲಿಲ್ಲ, ಅಷ್ಟೇ.”

ಅತ್ತೆ ಎದ್ದು ಬಂದು ಜಗಲಿಯ ಅಂಚಿನಲ್ಲಿ ಕೂತರು. ಕಾಳಮ್ಮ ಅವರ ಎಡಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕಿರುಬೆರಳನ್ನು ನೇರ ಮಾಡಲು ನೋಡಿದಳು. ದಿನಾ ಎಣ್ಣೆ ಹಚ್ಚಿ ಹೀಗೆ ನೀವಬೇಕು, ಇಲ್ಲದಿದ್ದರೆ ಪೂರಾ ಮಡಚಿಕೊಳ್ಳುತ್ತದೆ ಎಂದಳು. ಅತ್ತೆ ತಮ್ಮ ಬೆರಳನ್ನು ಬೇರೆಯವರು ಹಿಡಿದಿರುವುದನ್ನು ಕಣ್ಣಲ್ಲಿ ನೋಡಿದರು. ಬೆರಳಿಗೆ ಅದು ತಿಳಿಯಲಿಲ್ಲ. ತಿಂಗಳುಗಳಿಂದ ಡಾಕ್ಟರನ್ನು ಬಿಟ್ಟರೆ ಯಾರೂ ಅವರನ್ನು ಮುಟ್ಟಿರಲಿಲ್ಲ.

ಕಾಳಮ್ಮ ದಿನಾ ಬರತೊಡಗಿದಳು. ಸುರುಳಿ ಕಟ್ಟುವುದು, ಬೆರಳು ನೀವುವುದು, ಎರಡೂ ಅದೇ ಜಗಲಿಯಲ್ಲಿ. ಅವಳ ಬಾಯಿ ಕಟ್ಟುವ ಕೈ ಕುದುರಿತು. ಅತ್ತೆಯದರಷ್ಟು ದುಂಡಗೆ ಬರದಿದ್ದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಮಾತ್ರೆ ಮುಗಿದಾಗಲೆಲ್ಲ ಅತ್ತೆಯ ಜೊತೆ ಬಸ್ಸು ಹತ್ತಿ ಮಡಿಕೇರಿಗೂ ಅವಳೇ ಹೋಗುತ್ತಿದ್ದಳು.

ಒಂದು ಸಲ ಕಾಳಮ್ಮನಿಗೆ ಜ್ವರ. ಅತ್ತೆ ಒಬ್ಬರೇ ಹೊರಟು ಬಸ್ಸಿನ ಹತ್ತಿರ ನಿಂತಿದ್ದಾಗ ಮಾವ ಕೋಟು ಹಾಕಿಕೊಂಡು ಬಂದು ತಾವೂ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಅತ್ತೆಯನ್ನು ಹೊರಗೆ ಕೂರಿಸಿ ತಾವೊಬ್ಬರೇ ಡಾಕ್ಟರ ಹತ್ತಿರ ಮಾತಾಡಿದರು. ಏನು ಕೇಳಿದರೋ ಯಾರಿಗೂ ಹೇಳಲಿಲ್ಲ. ವಾಪಸು ಬರುವಾಗ ಸೋಮವಾರಪೇಟೆಯ ಹೋಟೆಲಿನಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂತರು. ಅತ್ತೆ ಅರ್ಧ ಕಾಫಿ ಕುಡಿದು ಲೋಟ ಇಟ್ಟರು. ಮಾವ ಆ ಲೋಟವನ್ನು ಎತ್ತಿ ಉಳಿದದ್ದನ್ನು ಕುಡಿದರು.

“ಖುಷಿಯಾಯ್ತಾ ಅತ್ತೆ?” ಎಂದು ಕೇಳಿದೆ.

“ಗೊತ್ತಿಲ್ಲ ಕಣೇ. ಬಸ್ಸು ಹೊರಡೋ ಹೊತ್ತಾಗಿತ್ತು,” ಎಂದರು.

ಅವತ್ತಿನಿಂದ ಮಾವ ಮನೆಯಲ್ಲಿ ಊಟ ಮಾಡತೊಡಗಿದರು. ಹಾಸಿಗೆ ಮಾತ್ರ ಇನ್ನೂ ಬಹಳ ಕಾಲ ಅಂಗಡಿಯಲ್ಲೇ ಇತ್ತು.

ಅಮ್ಮ ನನ್ನನ್ನು ಹೊತ್ತಾಗ ಚೊಚ್ಚಲ ಬಾಣಂತನಕ್ಕೆ ತೌರಿಗೆ ಕರೆತರಬೇಕಿತ್ತು. ಮಾವ ಶಿರಂಗಾಲಕ್ಕೆ ಹೋಗಿ, ಮನೆ ರಿಪೇರಿ ನಡೀತಿದೆ ಎಂದು ಸುಳ್ಳು ಹೇಳಿ, ಅವಳನ್ನು ಶನಿವಾರಸಂತೆಯ ದೊಡ್ಡಮ್ಮನ ಮನೆಗೆ ಬಿಟ್ಟುಬಂದರು. ಅತ್ತೆಯೇ ಹಾಗೆ ಮಾಡಲು ಹೇಳಿದ್ದು. ಅಮ್ಮನಿಗೆ ಸಿಟ್ಟು ಬಂತು. ಅತ್ತಿಗೆ ಬಾಣಂತನದ ಕೆಲಸಕ್ಕೆ ಹೆದರಿ ಜಾರಿಕೊಂಡಳು ಎಂದೇ ತಿಳಿದಳು. ನಾನು ಹುಟ್ಟಿದ ಮೇಲೂ ಅತ್ತೆ ನೋಡಲು ಬರಲಿಲ್ಲ. ಕೊನೆಗೆ ಮಾವ ಬೆಳ್ಳಿ ಉಡಿದಾರ ತಂದುಕೊಟ್ಟಾಗ ಅಮ್ಮ ಅದನ್ನು ಪಕ್ಕಕ್ಕೆ ತಳ್ಳಿದಳು. ಆಗ ಮಾವ ಎಲ್ಲ ಹೇಳಿದರು.

ಕೆಲವು ತಿಂಗಳಾದ ಮೇಲೆ, ಮಳೆಗಾಲ ಹಿಡಿದಿದ್ದಾಗ, ಅಮ್ಮ ಅಪ್ಪನಿಗೆ ಮಾತ್ರ ತಿಳಿಸಿ, ನನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಕೊಡ್ಲಿಪೇಟೆಗೆ ಬಂದಳು. ಮುಂಬಾಗಿಲಿನಿಂದ ನೇರ ಒಳಗೆ ಹೋಗಿ ಅತ್ತೆಯ ಮುಂದೆ ನಿಂತಳು.

“ನನ್ನ ಮದುವೆ ಆಗಲಿ ಅಂತ ಬಾಯಿ ಬಿಡಲಿಲ್ವಾ ಅತ್ತಿಗೆ?”

“ಹಾಗೂ ಅಂದ್ಕೊಂಡಿದ್ದೆ. ಆದ್ರೆ ಅಷ್ಟೇ ಅಲ್ಲ ಮಂಗಳ. ಹೇಳಕ್ಕೆ ಮಾತೇ ಬರಲಿಲ್ಲ.”

ಅಮ್ಮ ನನ್ನನ್ನು ಮುಂದಕ್ಕೆ ಚಾಚಿದಳು. “ಹಿಡ್ಕೊಳ್ಳಿ.”

“ಬೇಡ.”

“ಅಣ್ಣ ಹೇಳಿದ್ದಾರೆ ಡಾಕ್ಟ್ರು ಏನಂದ್ರು ಅಂತ. ನಂಗೆ ಕೈ ನೋಯ್ತಿದೆ, ಹಿಡ್ಕೊಳ್ಳಿ ಅತ್ತಿಗೆ.”

ಅತ್ತೆ ಕೈ ಚಾಚಿದರು. ತೂಕ ಬಲಗೈಗೆ ತಿಳಿಯಿತು, ಎಡಗೈಗೆ ಮೊಣಕೈಯಿಂದ ಮೇಲೆ ಮಾತ್ರ. ಮಗು ಎಲ್ಲಿ ಮುಗಿದು ಕಂಬಳಿ ಎಲ್ಲಿ ಶುರುವಾಗುತ್ತದೆ ಎಂದು ಆ ಬೆರಳುಗಳಿಗೆ ಗೊತ್ತಾಗುತ್ತಿರಲಿಲ್ಲ. ಬೀಳಿಸಿಬಿಟ್ಟೇನು ಎಂದು ಕಣ್ಣು ತೆಗೆಯದೆ ನನ್ನನ್ನೇ ನೋಡುತ್ತಾ ನಿಂತಿದ್ದರು. ನಾನು ಬಸ್ಸಿನುದ್ದಕ್ಕೂ ಅತ್ತು ಸುಸ್ತಾಗಿ ಸುಮ್ಮನಾಗಿದ್ದೆನಂತೆ. ನನ್ನ ಮುಖ ಕೆಂಪಗಿತ್ತು. ಅತ್ತೆ ಬಗ್ಗಿ ತಮ್ಮ ಕೆನ್ನೆಯನ್ನು ನನ್ನ ಹಣೆಗೆ ಇಟ್ಟರು.

“ಮಂಗಳ, ಮಗು ಮೈ ಸುಡ್ತಿದೆ,” ಎಂದರು. “ಒದ್ದೆ ಬಟ್ಟೆ ತಾ. ಹಾಗೇ ನಿಮ್ಮಣ್ಣಂಗೆ ಡಾಕ್ಟ್ರನ್ನ ಕರೀಲಿಕ್ಕೆ ಹೇಳು.”

ಮಾವ ಅಂಗಡಿ ಬಾಗಿಲು ಹಾಕಿ ಮಳೆಯಲ್ಲೇ ಓಡಿದರು. ಕಾಳಮ್ಮ ಸುರುಳಿಗಳನ್ನು ಬದಿಗೆ ಸರಿಸಿ ಒಲೆ ಹೊತ್ತಿಸಿದಳು. ಊರಿನ ಡಾಕ್ಟರು ಬಂದು ಔಷಧ ಕೊಟ್ಟು ಹೋದ ಮೇಲೂ ಅತ್ತೆ ನನ್ನನ್ನು ತೊಡೆಯಿಂದ ಇಳಿಸಲಿಲ್ಲ. ಆಗಾಗ ಬಗ್ಗಿ ಕೆನ್ನೆ ಇಟ್ಟು ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು. ಶಿರಂಗಾಲದ ಅಜ್ಜಿಗೆ ಆಮೇಲೆ ಯಾರಿಂದಲೋ ವಿಷಯ ಗೊತ್ತಾಗಿ ದೊಡ್ಡ ರಂಪವೇ ಆಯಿತು, ಅಪ್ಪ ನಡುವೆ ನಿಂತು ಸುಧಾರಿಸಿದರು. ಅತ್ತೆಯ ಮಾತ್ರೆ ಇನ್ನೂ ಕೆಲವು ವರ್ಷ ನಡೆದು ನಿಂತಿತು; ರೋಗ ಮುಂದೆ ಹೋಗಲಿಲ್ಲ, ಎರಡು ಬೆರಳು ಮಾತ್ರ ಹಾಗೆಯೇ ಸ್ಪರ್ಶವಿಲ್ಲದೆ ಉಳಿದವು.

ಅಮ್ಮ ಆ ಸಲ ಮಳೆ ನಿಲ್ಲುವ ತನಕ ಕೊಡ್ಲಿಪೇಟೆಯಲ್ಲೇ ಇದ್ದಳು.